ನೀರು ಹಾಕಿದರೆ ಸಾಲದು, ಆರಬೇಕು: ಬೇಸಿಗೆಯಲ್ಲಿ ಹಸುವಿನ ಮೈ ತಂಪಾಗುವ ಬಗೆ



ಮಾರ್ಚ್ ಬಂತೆಂದರೆ ಸಂಘಗಳಲ್ಲಿ ಕೇಳಿಬರುವ ಮಾತು ಒಂದೇ: ಮೇವು, ಹಿಂಡಿ ಅಷ್ಟೇ ಹಾಕುತ್ತಿದ್ದೇವೆ, ದಿನಕ್ಕೆರಡು ಸಲ ಮೈ ತೊಳೆಯುತ್ತೇವೆ, ಆದರೂ ಹಾಲು ಇಳಿಯುತ್ತಿದೆ. ಹಾಲು ಇಳಿದರೆ ಬಟವಾಡೆಯೂ ಇಳಿಯುತ್ತದೆ. ಮೈಗೆ ನೀರು ಹಾಕುವುದು ಸರಿಯೇ. ಆದರೆ ಹಸುವನ್ನು ನಿಜವಾಗಿ ತಂಪು ಮಾಡುವುದು ಅದರ ಮೈಯಿಂದ ಆವಿಯಾಗಿ ಹೋಗುವ ನೀರು. ಇದೊಂದು ತಿಳಿದರೆ ಕಡಿಮೆ ನೀರಿನಲ್ಲೇ ಹೆಚ್ಚು ತಂಪು ಕೊಡಬಹುದು.

ನೀರಿನ ಮೂರು ರೂಪ

ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಅಣುಗಳಿಂದ ಆಗಿದೆ. ಮಂಜುಗಡ್ಡೆಯಲ್ಲಿ ಈ ಅಣುಗಳು ಗೂಟಕ್ಕೆ ಕಟ್ಟಿದ ರಾಸುಗಳಂತೆ. ನಿಂತಲ್ಲೇ ಅಲುಗಾಡುತ್ತವೆ, ಜಾಗ ಬಿಡುವುದಿಲ್ಲ. ಕರಗಿ ನೀರಾದಾಗ ದೊಡ್ಡಿಯೊಳಗೆ ಬಿಟ್ಟ ರಾಸುಗಳಂತೆ. ಒಂದರ ಪಕ್ಕ ಒಂದು ನುಸುಳಿ ಓಡಾಡುತ್ತವೆ, ಗುಂಪು ಬಿಡುವುದಿಲ್ಲ. ಆವಿಯಾದಾಗ ಬೇಲಿ ಹಾರಿ ಬಯಲಿಗೆ ಓಡಿದಂತೆ ದೂರ ದೂರ ಚದುರುತ್ತವೆ. ಮೂರರಲ್ಲೂ ಅಣು ಅದೇ. ಬದಲಾಗುವುದು ಅವುಗಳ ನಡುವಿನ ಹಿಡಿತ ಮತ್ತು ಓಡಾಟ.

ಗುಂಪು ಬಿಟ್ಟು ಹಾರಲು ಅಣುವಿಗೆ ಶಕ್ತಿ ಬೇಕು. ಚುರುಕಾದ ಅಣುಗಳು ಮೊದಲು ಹಾರಿಹೋಗುತ್ತವೆ, ನಿಧಾನದವು ಉಳಿಯುತ್ತವೆ. ಹಾಗಾಗಿ ಉಳಿದ ನೀರು ತಣ್ಣಗಾಗಿ, ತಾಗಿರುವ ಚರ್ಮದಿಂದ ಶಾಖ ಎಳೆದುಕೊಳ್ಳುತ್ತದೆ. ಇದಕ್ಕೆ ನೀರು ಕುದಿಯಬೇಕಿಲ್ಲ. ಮಣ್ಣಿನ ಮಡಕೆಯ ನೀರು ತಂಪಾಗಿರುವುದೂ ಹೊರಮೈಗೆ ಜಿನುಗಿದ ನೀರು ಹೀಗೆ ಆರುವುದರಿಂದಲೇ.

ಲೆಕ್ಕ ನೋಡಿ. ಒಂದು ಲೀಟರ್ ನೀರು 25 ಡಿಗ್ರಿ ಸೆಲ್ಸಿಯಸ್‌ನಿಂದ 35 ಡಿಗ್ರಿಗೆ ಬಿಸಿಯಾಗಲು 10 ಕಿಲೋಕ್ಯಾಲರಿ ಶಾಖ ಸಾಕು. ಅದೇ ಲೀಟರ್ ನೀರು ಮೈ ಮೇಲೆ ಪೂರ್ತಿ ಆರಲು ಸುಮಾರು 580 ಕಿಲೋಕ್ಯಾಲರಿ ಬೇಕು. ಬಕೆಟ್‌ಗಟ್ಟಲೆ ಸುರಿದು ನೆಲಕ್ಕೆ ಹರಿದ ನೀರು ಒಯ್ಯುವ ಶಾಖ ಎಷ್ಟು ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ.

ಗಾಳಿ ಏಕೆ ಬೇಕು?

ಎರಡೂ ಕೈ ಒದ್ದೆ ಮಾಡಿಕೊಳ್ಳಿ. ಒಂದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ, ಇನ್ನೊಂದನ್ನು ಗಾಳಿಗೆ ಹಿಡಿಯಿರಿ. ಗಾಳಿಯ ಕೈ ತಣ್ಣಗಾಗುತ್ತದೆ. ಚೀಲದ ಕೈ ಬೆವೆತಂತಾಗುತ್ತದೆ. ಚೀಲದೊಳಗೆ ಆವಿ ತುಂಬಿದಾಗ, ಹಾರಿದಷ್ಟೇ ಅಣುಗಳು ಮರಳಿ ಬಂದು ಸೇರುತ್ತವೆ. ಬರುವಾಗ ಶಾಖವನ್ನೂ ಹಿಂದಿರುಗಿಸುತ್ತವೆ.

ಗಾಳಿಯಾಡದ ತಗ್ಗು ಶೀಟಿನ ಕೊಟ್ಟಿಗೆಯಲ್ಲಿ ಮಧ್ಯಾಹ್ನ ನೀರು ಚಿಮುಕಿಸಿದರೆ ಇದೇ ಆಗುತ್ತದೆ. ಬೆನ್ನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಗಾಳಿಯಿಲ್ಲದೆ ಬಿಟ್ಟರೂ ಅಷ್ಟೇ. ಕಲಬುರಗಿ, ರಾಯಚೂರಿನ ಒಣಗಾಳಿಯಲ್ಲಿ ನೀರು ಬೇಗ ಆರುತ್ತದೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಗಾಳಿಯಲ್ಲೇ ತೇವ ಹೆಚ್ಚು. ಅಲ್ಲಿ ನೀರಿಗಿಂತ ಫ್ಯಾನಿಗೆ ಮೊದಲ ಗಮನ ಕೊಡಿ.

ಹೀಗೆ ಮಾಡಿ

1. ಹಸುವನ್ನು ನೆರಳಿಗೆ, ಗಾಳಿಯಾಡುವ ಕಡೆ ಕಟ್ಟಿ. ಕೊಟ್ಟಿಗೆಯ ಪಕ್ಕಗಳು ತೆರೆದಿರಲಿ. ಶೀಟಿನ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ.
2. ಕೂದಲಿನ ಬುಡ ನೆನೆಯುವಂತೆ ಬೆನ್ನು, ಪಕ್ಕೆಗೆ ಎರಡು ಮೂರು ನಿಮಿಷ ನೀರು ಹಾಕಿ, ನಿಲ್ಲಿಸಿ. ಹತ್ತು ಹದಿನೈದು ನಿಮಿಷ ಫ್ಯಾನ್ ಹಾಕಿ ಆರಲು ಬಿಡಿ. ಬಿಸಿಲಿನ ಹೊತ್ತಿನಲ್ಲಿ ಇದನ್ನೇ ಮತ್ತೆ ಮತ್ತೆ ಮಾಡಿ.
3. ನೀರು ಕೆಚ್ಚಲಿಗೆ ಇಳಿಯದಿರಲಿ, ಇಳಿದರೆ ಒರೆಸಿ. ಒದ್ದೆ ಕೆಚ್ಚಲು, ಒದ್ದೆ ನೆಲ ಕೆಚ್ಚಲು ಬಾವಿಗೆ ದಾರಿ.
4. ಬೆವರಿಗೂ ಏದುಸಿರಿಗೂ ಖರ್ಚಾಗುವ ನೀರು ಒಳಗಿನಿಂದಲೇ ಬರಬೇಕು. ನೆರಳಿನಲ್ಲಿಟ್ಟ ಶುದ್ಧ ನೀರು ಹಗಲಿರುಳೂ ಮುಂದಿರಲಿ. ಹಾಲು ಕೊಡುವ ಮಿಶ್ರತಳಿ ಹಸು ಬೇಸಿಗೆಯಲ್ಲಿ ದಿನಕ್ಕೆ 80 ಲೀಟರಿಗೂ ಹೆಚ್ಚು ಕುಡಿಯಬಲ್ಲದು.
5. ಮೇವು ಜೀರ್ಣವಾಗುವಾಗಲೂ ಹೊಟ್ಟೆಯಲ್ಲಿ ಶಾಖ ಹುಟ್ಟುತ್ತದೆ. ಹೆಚ್ಚಿನ ಪಾಲು ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲಿ ಕೊಡಿ.
6. ಎಮ್ಮೆಗೆ ಬೆವರಿನ ಗ್ರಂಥಿಗಳು ಹಸುವಿಗಿಂತ ಕಡಿಮೆ, ಚರ್ಮ ಕಪ್ಪು. ಅದಕ್ಕೆ ಕೆರೆ ಹೊಂಡದ ಮುಳುಗು ಅಥವಾ ಪದೇ ಪದೇ ನೀರು ಬೇಕೇ ಬೇಕು.

ತಡಮಾಡಬಾರದ ಲಕ್ಷಣ

ಮಧ್ಯಾಹ್ನ ಪಕ್ಕೆಯ ಏರಿಳಿತ ನೋಡಿ ಒಂದು ನಿಮಿಷ ಉಸಿರು ಎಣಿಸಿ. 60 ದಾಟಿದರೆ ಹಸು ಬಿಸಿಲಿಗೆ ಬಳಲುತ್ತಿದೆ ಎಂದರ್ಥ. ಬಾಯಿ ತೆರೆದು, ನಾಲಗೆ ಚಾಚಿ, ಜೊಲ್ಲು ಸುರಿಸುತ್ತಿದ್ದರೆ, ತೂರಾಡುತ್ತಿದ್ದರೆ, ಮೈಶಾಖ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜೀವಕ್ಕೆ ಅಪಾಯ. ಆರೋಗ್ಯವಂತ ಹಸುವಿನ ಮೈಶಾಖ ಸುಮಾರು 101.5 ಡಿಗ್ರಿ.

ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವವರೆಗೆ ಕಾಯಬೇಡಿ: ನೆರಳು, ಮೈ ತುಂಬ ನೀರು, ಜೋರು ಗಾಳಿ, ಮೂರನ್ನೂ ಒಟ್ಟಿಗೆ ಕೊಡಿ. ತಾನಾಗಿ ಕುಡಿದರೆ ನೀರು ಕೊಡಿ. ಗೊಟ್ಟ ಹಾಕಿ ಕುಡಿಸಬೇಡಿ, ಏದುಸಿರಿನಲ್ಲಿ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ನೆನಪಿಡಿ: ನೆನೆಸಿ, ಗಾಳಿ ಬಿಡಿ, ಆರಿಸಿ, ಮತ್ತೆ ನೆನೆಸಿ.