ಜಾಕ್ ಎತ್ತಲಿಕ್ಕೆ, ಸ್ಟ್ಯಾಂಡ್ ಹೊರಲಿಕ್ಕೆ: ಮನೆಯಂಗಳದಲ್ಲಿ ಬೊಲೆರೊ ಎತ್ತುವ ಕ್ರಮ

ಕಾಲುವೆ ದಂಡೆಯ ಮೇಲೆ, ಟ್ರ್ಯಾಕ್ಟರ್ ಗಾಲಿ ಕೊರೆದ ಗದ್ದೆ ದಾರಿಯಲ್ಲಿ ನಾಲ್ಕು ಮಳೆಗಾಲ ಓಡಿದ ಬೊಲೆರೊ ಹಿಂಬದಿಯಿಂದ ಕಿರುಗುಟ್ಟತೊಡಗಿದರೆ ಅಚ್ಚರಿಯಿಲ್ಲ. ಕಮಾನು ಪಟ್ಟಿಯ ಬುಷ್ ಸವೆದಿರುತ್ತದೆ, ಇಲ್ಲವೇ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿರುತ್ತದೆ. ಬಿಚ್ಚಿ ಕಟ್ಟುವುದನ್ನು ಮನೆಯಲ್ಲೇ ಕಲಿಯಬಹುದು. ಜೀವಕ್ಕೆ ಕುತ್ತು ತರುವುದು ಅದಕ್ಕೂ ಮೊದಲಿನ ಕೆಲಸ, ಅಂದರೆ ಒಂದೂವರೆ ಟನ್ ದಾಟುವ ಗಾಡಿಯನ್ನು ಎತ್ತಿ ನಿಲ್ಲಿಸುವುದು.

ನನಗೆ ಇದನ್ನು ಕಲಿಸಿದ ಹಿರಿಯ ಮಿಸ್ತ್ರಿಯೊಬ್ಬರು ಮೊದಲ ದಿನವೇ ಹೇಳಿದ್ದರು: "ಜಾಕ್ ಎತ್ತಾಕ ಐತಿ ತಮ್ಮಾ, ಹೊರಾಕಲ್ಲ." ಜಾಕಿನೊಳಗೆ ಇಡೀ ಭಾರವನ್ನು ತಡೆಯುವುದು ಒಂದಿಷ್ಟು ಎಣ್ಣೆ ಮತ್ತು ಅದನ್ನು ಹಿಡಿದಿಡುವ ಸಣ್ಣ ಸೀಲ್. ಸೀಲ್ ಸವೆದ ಜಾಕ್ ಸದ್ದಿಲ್ಲದೆ ಇಳಿಯುತ್ತದೆ. ಮುಂದಿನ ಎಲ್ಲ ಹಂತಗಳೂ ಆ ಒಂದು ಮಾತಿನ ವಿಸ್ತರಣೆ.

ಇಲ್ಲಿ ಹೇಳಿರುವುದು ಬೊಲೆರೊದ ಹಿಂಬದಿಯ ಕೆಲಸಕ್ಕೆ. ಹಳೆಯ ಜೀಪು, ಜಿಪ್ಸಿಗಳಂತೆ ಏಣಿಯಾಕಾರದ ಚಾಸಿ ಮತ್ತು ಹಿಂದೆ ಕಮಾನು ಪಟ್ಟಿ ಇರುವ ಗಾಡಿಗಳಿಗೂ ಇದೇ ಕ್ರಮ. ಬೊಲೆರೊದ ಮುಂಬದಿಯಲ್ಲಿರುವುದು ಸುರುಳಿ ಸ್ಪ್ರಿಂಗ್. ಒತ್ತಿ ಕೂರಿಸಿದ ಸುರುಳಿ ಚಿಮ್ಮಿದರೆ ಮೂಳೆ ಮುರಿಯುತ್ತದೆ. ಹೊಸಬರು ಅದನ್ನು ಗ್ಯಾರೇಜಿಗೇ ಬಿಡಬೇಕು.

ಬೇಕಾಗುವ ಸಾಮಾನು

3 ಟನ್ ಅಥವಾ ಹೆಚ್ಚಿನ ಹೈಡ್ರಾಲಿಕ್ ಜಾಕ್, ಒಂದೇ ಅಳತೆಯ ಎರಡು ಜಾಕ್ ಸ್ಟ್ಯಾಂಡ್, ಗಾಲಿ ಪಾನಾ, ಗಾಲಿಗೆ ಕೊಡಲು ನಾಲ್ಕು ಬೆಣೆ, ಎರಡು ಇಂಚು ದಪ್ಪದ ಮೂರು ಗಟ್ಟಿ ಹಲಗೆ, ಟಾರ್ಚ್. ಜೊತೆಗೆ ಒಬ್ಬ ಆಳು.

ಸ್ಟ್ಯಾಂಡ್ ಕೊಳ್ಳುವ ಮೊದಲು ನೆಲದಿಂದ ಚಾಸಿಯ ತನಕ ಟೇಪು ಹಿಡಿದು ಅಳೆಯಿರಿ. ಕಾರಿಗೆಂದು ಮಾರುವ ಗಿಡ್ಡ ಸ್ಟ್ಯಾಂಡು ಎತ್ತರದ ಗಾಡಿಗೆ ಸಾಲದು. ಕೊರತೆ ತುಂಬಲು ಜನ ಇಟ್ಟಿಗೆಯನ್ನೋ ಸಿಮೆಂಟ್ ಬ್ಲಾಕನ್ನೋ ಪೇರಿಸುತ್ತಾರೆ. ಗೋಡೆಯಲ್ಲಿ ಸಾಲಾಗಿ ಭಾರ ಹೊರುವ ಇಟ್ಟಿಗೆ, ಒಂದೇ ಕಡೆ ಒತ್ತಿದರೆ ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ. ಎತ್ತರದ ಸ್ಟ್ಯಾಂಡನ್ನೇ ಕೇಳಿ ತನ್ನಿ.

ಹಂತ 1: ನೆಲ ನೋಡಿ

ನಮ್ಮ ಸೀಮೆಯಲ್ಲಿ ಅರ್ಧ ಕೆಲಸ ಇದೇ. ಸಿಂಧನೂರಿನ ನೀರಾವರಿ ಬಯಲಿನ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಿದ್ದು ಬಿರುಕು ಬಿಡುತ್ತದೆ, ಒಂದು ಮಳೆ ಬಿದ್ದರೆ ಹಿಟ್ಟಿನ ಮುದ್ದೆ. ಮೇಲೆ ಒಣಗಿದ ಪದರ ಕಂಡರೂ ಗೇಣು ಕೆಳಗೆ ಹಸಿ ಇರುತ್ತದೆ. ಲಿಂಗಸುಗೂರು ಕಡೆಯ ಮಸಾರಿ, ಅಂದರೆ ಕೆಂಪು ನೆಲ, ಗಟ್ಟಿ, ಆದರೆ ಉರುಟು ಗರಸಿನ ಮೇಲೆ ಸ್ಟ್ಯಾಂಡಿನ ಕಾಲು ಜಾರುತ್ತದೆ. ಮಸ್ಕಿಯ ಸುತ್ತ ಎರಡೂ ಬಗೆಯ ನೆಲ ಸಿಗುತ್ತದೆ, ನಿಮ್ಮ ಅಂಗಳ ಯಾವುದು ಎಂಬುದನ್ನು ಗುದ್ದಲಿ ಹಾಕಿಯೇ ತಿಳಿಯಬೇಕು. ಪರಸಿ ಹಾಸಿದ ಅಂಗಳವನ್ನೂ ಕುರುಡಾಗಿ ನಂಬಬೇಡಿ. ಕೆಳಗೆ ಟೊಳ್ಳಿದ್ದರೆ ಕಲ್ಲು ಹಪ್ಪಳದಂತೆ ಒಡೆಯುತ್ತದೆ. ಟಾರ್ ನೆಲ ಬೇಸಿಗೆಯ ಮಧ್ಯಾಹ್ನ ಮೆತ್ತಗಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಸಮತಟ್ಟಾದ ಕಾಂಕ್ರೀಟು. ಅದಿಲ್ಲದಿದ್ದರೆ ಒಣಗಿದ, ಗಟ್ಟಿಸಿದ ನೆಲದ ಮೇಲೆ ಹಲಗೆ ಹಾಕಿ. ಲೆಕ್ಕ ಸುಲಭ: ಒಂದು ಗಾಲಿಯ ಪಾಲಿಗೆ 400 ಕಿಲೋ ಎನ್ನಿ. ಅಂಗೈಯಗಲದ ಜಾಕಿನ ಬುಡ ಸುಮಾರು 100 ಚದರ ಸೆಂ.ಮೀ. ಇದ್ದರೆ, ಪ್ರತಿ ಚದರ ಸೆಂ.ಮೀ.ಗೆ 4 ಕಿಲೋ ಒತ್ತಡ. ಅಡಿಯಗಲದ ಹಲಗೆ ಹಾಕಿದರೆ ಅದು ಅರ್ಧ ಕಿಲೋಗಿಂತ ಕಡಿಮೆ. ಹಸಿ ಎರೆಯ ಮೇಲೆ ಮಾತ್ರ ಹಲಗೆ ಹಾಕಿಯೂ ಎತ್ತಬೇಡಿ. ಒಮ್ಮೆ ನಮ್ಮ ಹಿತ್ತಲಲ್ಲಿ ಹಾಗೆ ಎತ್ತಿದಾಗ ಹಲಗೆಯ ಒಂದು ಮೂಲೆ ಕುಸಿದು, ಜಾಕ್ ವಾಲಿ, ಗಾಡಿ ಬ್ರೇಕ್ ಡ್ರಮ್ಮಿನ ಮೇಲೆ ಕುಳಿತಿತ್ತು. ಪುಣ್ಯಕ್ಕೆ ನಾನು ಪಾನಾ ತರಲು ಎದ್ದಿದ್ದೆ.

ಹಂತ 2: ಮುಂದಿನ ಗಾಲಿಗೆ ಬೆಣೆ

ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಆದರೆ ಒಂದು ಸಂಗತಿ ನೆನಪಿಡಿ: ಸಾಮಾನ್ಯ ಬೊಲೆರೊದಲ್ಲಿ ಗೇರು, ಹ್ಯಾಂಡ್ ಬ್ರೇಕು ಎರಡೂ ಹಿಡಿಯುವುದು ಹಿಂದಿನ ಗಾಲಿಗಳನ್ನೇ. ಹಿಂಬದಿ ನೆಲ ಬಿಟ್ಟ ಕ್ಷಣ ಎರಡೂ ಕೆಲಸಕ್ಕೆ ಬಾರವು. ಆಗ ಗಾಡಿಯನ್ನು ತಡೆಯುವುದು ಮುಂದಿನ ಗಾಲಿಗೆ ಕೊಟ್ಟ ಬೆಣೆ ಮಾತ್ರ. ಎರಡೂ ಮುಂಗಾಲಿಗಳ ಹಿಂದೆ ಮುಂದೆ ಬೆಣೆಯನ್ನು ಒದ್ದು ಕೂರಿಸಿ. ದುಂಡುಗಲ್ಲು ಬೇಡ, ಅದು ಗಾಲಿಯ ಜೊತೆ ಉರುಳುತ್ತದೆ. ಫೋರ್ ಬೈ ಫೋರ್ ಗಾಡಿಯ ಎರಡನೇ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಹಾಕಿಯೂ ಹಾಕದಂತೆ. ಅದನ್ನು ಫೋರ್ ವೀಲ್‌ಗೆ ಹಾಕಿ, ಆದರೂ ಬೆಣೆ ಬಿಡಬೇಡಿ.

ಹಂತ 3: ನಟ್ಟು ಸಡಿಲಿಸಿ

ಗಾಲಿ ನೆಲದಲ್ಲಿರುವಾಗಲೇ ಹಿಂದಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಎತ್ತಿದ ಮೇಲೆ ಪಾನಾದ ಮೇಲೆ ನಿಂತು ಒದ್ದರೆ ಗಾಡಿಯೇ ಅಲುಗುತ್ತದೆ.

ಹಂತ 4: ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎತ್ತಿ

ಜಾಕನ್ನು ಹಲಗೆಯ ನಡುವೆ ನೆಟ್ಟಗೆ ನಿಲ್ಲಿಸಿ. ಅದರ ತಲೆ ಹಿಂದಿನ ಆಕ್ಸಲ್ ಕೊಳವೆಯ ಕೆಳಗೆ, ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟಿನ ಒಳಮಗ್ಗುಲಲ್ಲಿ ಕೂರಬೇಕು, ಬ್ರೇಕ್ ಪೈಪಿಗೆ ತಗಲಬಾರದು. ನಿಧಾನವಾಗಿ ಪಂಪ್ ಮಾಡುತ್ತ ಪ್ರತಿ ಹತ್ತು ಹೊಡೆತಕ್ಕೊಮ್ಮೆ ಮುಂಗಾಲಿಯ ಬೆಣೆ, ಜಾಕಿನ ನಿಲುವು, ಹಲಗೆಯ ನಾಲ್ಕು ಮೂಲೆ ನೋಡಿ.

ಎಡಗಡೆ ತುಸು ಎತ್ತಿ, ಸ್ಟ್ಯಾಂಡನ್ನು ಕೆಳಹಲ್ಲಿನಲ್ಲಿಟ್ಟು ಚಾಸಿಯ ಕೆಳಗೆ ಕೊಟ್ಟು, ಅದರ ಮೇಲೆ ಇಳಿಸಿ. ಬಲಗಡೆಯೂ ಹಾಗೆಯೇ. ಮತ್ತೆ ಎಡಕ್ಕೆ ಬಂದು ಮೇಲಿನ ಹಲ್ಲಿಗೆ ಏರಿಸಿ. ಒಂದೇ ಬದಿ ಪೂರ್ತಿ ಎತ್ತಿದರೆ ಗಾಡಿ ವಾಲಿ ಇನ್ನೊಂದು ಬದಿ ಜಾರಬಹುದು. ಗಾಲಿ ನೆಲದಿಂದ ಎರಡು ಇಂಚು ಮೇಲಿದ್ದರೆ ಸಾಕು.

ಹಂತ 5: ಸ್ಟ್ಯಾಂಡ್ ಚಾಸಿಗೆ, ಆಕ್ಸಲ್‌ಗಲ್ಲ

ಟೈರ್ ಬದಲಿಸುವುದಕ್ಕೂ ಕಮಾನು ಬಿಚ್ಚುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕಮಾನು ಬಿಚ್ಚಿದ ಮೇಲೆ ಆಕ್ಸಲ್ ತನ್ನ ಪಾಡಿಗೆ ಇಳಿಯುತ್ತದೆ, ಅದರ ಮೇಲೆ ಗಾಡಿಯ ಭಾರ ಬಿಡುವಂತಿಲ್ಲ. ಆದ್ದರಿಂದ ಎರಡೂ ಸ್ಟ್ಯಾಂಡುಗಳು ಚಾಸಿಯ ಕೆಳಗೆ, ಕಮಾನಿನ ಮುಂಗಿವಿ ಸಿಕ್ಕಿಸಿದ ಬ್ರಾಕೆಟಿನ ತುಸು ಮುಂದೆ ಇರಲಿ. ಎರಡರ ಹಲ್ಲೂ ಒಂದೇ ಎತ್ತರದಲ್ಲಿರಲಿ, ನಾಲ್ಕೂ ಕಾಲು ಹಲಗೆಗೆ ಅಂಟಿರಲಿ.

ಹಂತ 6: ಅಲುಗಿಸಿ ನೋಡಿ

ಕೆಳಗೆ ತಲೆ ಹಾಕುವ ಮೊದಲು ಹಿಂಬದಿಯ ಮೂಲೆಗೆ ಸೊಂಟ ಕೊಟ್ಟು ಎರಡೂ ಕಡೆಯಿಂದ ನೂಕಿ. ಸ್ಟ್ಯಾಂಡ್ ಕದಲಿದರೆ, ಕಿರ್ರೆಂದರೆ, ಇಳಿಸಿ ಮೊದಲಿನಿಂದ ಶುರು ಮಾಡಿ. ಗಟ್ಟಿಯಾಗಿದ್ದರೆ ಗಾಲಿಗಳನ್ನು ಬಿಚ್ಚಿ ಚಾಸಿಯ ಕೆಳಗೆ ಅಡ್ಡ ಮಲಗಿಸಿ. ಸ್ಟ್ಯಾಂಡೂ ಕೈಕೊಟ್ಟರೆ ಎದೆಯ ಮೇಲೆ ಬೀಳದಂತೆ ಅದೇ ಕೊನೆಯ ಆಸರೆ. ಈ ಪರೀಕ್ಷೆ ಅತಿ ಎನಿಸಿತೇ? ಹಟ್ಟಿಯ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲೇ. ಗಣಿಯಲ್ಲಿ ದುಡಿದವರನ್ನು ಕೇಳಿ, ತಲೆ ಮೇಲಿನ ಬಂಡೆ ಪರೀಕ್ಷಿಸದೆ ಅದರಡಿ ಕೂರುವುದುಂಟೇ ಎಂದು.

ಹಂತ 7: ಕೆಲಸ ಮಾಡುವಾಗ

ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ, ಇನ್ನೊಂದು ಬದಿ ನೋಡಿ ಕಟ್ಟಲು ಮಾದರಿಯಾಗುತ್ತದೆ. ಶಾಕ್ ಅಥವಾ ಯು ಬೋಲ್ಟ್ ಬಿಚ್ಚುವ ಮೊದಲು ಆ ಬದಿಯ ಆಕ್ಸಲ್‌ಗೆ ಜಾಕ್ ಕೊಟ್ಟು ಭಾರ ಹಿಡಿಯಿರಿ. ಆಕ್ಸಲ್ ಜೋತು ಬಿದ್ದರೆ ರಬ್ಬರಿನ ಬ್ರೇಕ್ ಪೈಪು ಎಳೆದು ಹರಿಯುತ್ತದೆ. ಎಂಜಿನ್ ಚಾಲೂ ಮಾಡಬಾರದು, ಗಾಡಿಯೊಳಗೆ ಯಾರೂ ಕೂರಬಾರದು. ಜೊತೆಯ ಆಳಿಗೆ ಮಕ್ಕಳನ್ನು ದೂರ ಇಡುವುದೂ, ನಿಮ್ಮ ದನಿಗೆ ಓಗೊಡುವುದೂ ಕೆಲಸವಾಗಲಿ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಶುರು ಮಾಡಿ. ಬಿಸಿಲಿಗೆ ಬಸವಳಿದ ಕೈ ಅವಸರ ಮಾಡುತ್ತದೆ.

ಹಂತ 8: ಇಳಿಸುವುದು

ಕೆಳಗೆ ಪಾನಾ, ಚಿಂದಿ ಏನೂ ಉಳಿದಿಲ್ಲವೆಂದು ನೋಡಿ, ಗಾಲಿ ಹಾಕಿ ನಟ್ಟುಗಳನ್ನು ಕೈಯಲ್ಲಿ ಬಿಗಿಯಿರಿ. ಜಾಕಿನಿಂದ ತುಸು ಎತ್ತಿ, ಸ್ಟ್ಯಾಂಡನ್ನು ಒಂದು ಹಲ್ಲು ಇಳಿಸಿ, ಗಾಡಿಯನ್ನು ಅದರ ಮೇಲೆ ಬಿಡಿ. ಎತ್ತಿದಂತೆಯೇ ಎಡಬಲ ಸರದಿಯಲ್ಲಿ ಇಳಿಸಿ. ಜಾಕಿನ ವಾಲ್ವನ್ನು ಪೂರ್ತಿ ತಿರುಗಿಸಿದರೆ ಗಾಡಿ ಧೊಪ್ಪೆಂದು ಬೀಳುತ್ತದೆ, ಕೂದಲೆಳೆಯಷ್ಟು ತಿರುಗಿಸಿ. ನೆಲಕ್ಕೆ ಬಂದ ಮೇಲೆ ಗಾಲಿ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ರಬ್ಬರ್ ಬುಷ್ಷಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದೂ ಈಗಲೇ, ಗಾಡಿಯ ಭಾರ ಗಾಲಿಯ ಮೇಲೆ ಇರುವಾಗ. ಮೇಲಿದ್ದಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಬೆಣೆ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಬಂದ ಮೇಲೆ ಗಾಲಿ ನಟ್ಟು, ಯು ಬೋಲ್ಟ್ ಎರಡಕ್ಕೂ ಮತ್ತೊಮ್ಮೆ ಪಾನಾ ಹಚ್ಚಿ, ಹೊಸದಾಗಿ ಕಟ್ಟಿದ್ದು ಮೊದಲ ಓಟದಲ್ಲಿ ಸಡಿಲವಾಗುವುದುಂಟು. ಇನ್ನು, ಎರಡು ಸ್ಟ್ಯಾಂಡಿಗೆ ದುಡ್ಡು ಹೊಂದಿಸಲು ಈ ತಿಂಗಳು ಆಗದಿದ್ದರೆ ಗಾಡಿಯ ಕೆಳಗೆ ಹೋಗುವುದನ್ನೂ ಮುಂದಿನ ತಿಂಗಳಿಗೆ ಇಡಿ. ಕಿರುಗುಟ್ಟುವ ಬುಷ್ ಒಂದು ತಿಂಗಳು ಕಾಯುತ್ತದೆ.