ಸಮುದ್ರ ಬಿಟ್ಟುಹೋದ ಊರು ಮಿಲೆಟಸ್

ಹತ್ತನೇ ಕ್ಲಾಸಲ್ಲಿ ಥೇಲ್ಸ್ ಪ್ರಮೇಯ ಉರು ಹೊಡೆಯದವರು ನಮ್ಮ ಕ್ಯಾಂಪಸ್ಸಿನಲ್ಲಿ ಯಾರೂ ಇರಲಿಕ್ಕಿಲ್ಲ. ಆ ಥೇಲ್ಸ್ ಯಾವ ಊರಿನವನು?

ಮಿಲೆಟಸ್. ಗ್ರೀಕರ ನಗರವೇ, ಆದರೆ ಇರುವುದು ಇವತ್ತಿನ ಟರ್ಕಿಯ ಪಶ್ಚಿಮದಲ್ಲಿ, ಮಿಯಾಂಡರ್ ನದಿಯ ಮುಖಜ ಭೂಮಿಯಲ್ಲಿ. ಆಗ ಅದು ಸಮುದ್ರಕ್ಕೆ ಚಾಚಿಕೊಂಡ ಊರು, ನಾಲ್ಕು ಬಂದರುಗಳಿದ್ದವು. ಇಲ್ಲಿಂದ ಹೊರಟವರು ಕಪ್ಪು ಸಮುದ್ರದ ಸುತ್ತ ಹತ್ತಾರು ವಸಾಹತು ಕಟ್ಟಿದರು. ಕ್ರಿ.ಪೂ. 6ನೇ ಶತಮಾನದಲ್ಲಿ ಥೇಲ್ಸ್, ಅನಾಕ್ಸಿಮಾಂಡರ್, ಅನಾಕ್ಸಿಮಿನೀಸ್ ಮೂವರೂ ಇಲ್ಲೇ ಇದ್ದು, ಜಗತ್ತು ಯಾವುದರಿಂದ ಆಗಿದೆ ಅನ್ನೋ ಪ್ರಶ್ನೆಗೆ ದೇವರ ಕಥೆ ಬಿಟ್ಟು ಬೇರೆ ಉತ್ತರ ಹುಡುಕಿದರು. ಥೇಲ್ಸ್ 'ನೀರು' ಅಂದ. ಅನಾಕ್ಸಿಮಾಂಡರ್ ಒಪ್ಪಲಿಲ್ಲ, ಗುಣಲಕ್ಷಣ ಹೇಳಲಾಗದ ಅಪರಿಮಿತವೊಂದು ಮೂಲ ಅಂದ. ಅನಾಕ್ಸಿಮಿನೀಸ್ 'ಗಾಳಿ' ಅಂದ. ಮೂರೂ ತಪ್ಪೇ ಇರಬಹುದು. ಆದರೆ ಹಿರಿಯರ ಮಾತನ್ನು ಕಿರಿಯರು ಒಪ್ಪದೇ ಇರಬಹುದಿತ್ತಲ್ಲ, ನನಗೆ ಪ್ರಮೇಯಕ್ಕಿಂತ ಇದೇ ದೊಡ್ಡದು ಅನ್ನಿಸುತ್ತೆ.

ಕ್ರಿ.ಪೂ. 499ರಲ್ಲಿ ಊರು ಪರ್ಷಿಯನ್ನರ ವಿರುದ್ಧ ದಂಗೆ ಎದ್ದಿತು. 494ರಲ್ಲಿ, ಎದುರಿಗಿದ್ದ ಲಾಡೆ ದ್ವೀಪದ ಬಳಿ ನೌಕಾಯುದ್ಧ ಸೋತ ಮೇಲೆ ನಗರವೇ ನಾಶವಾಯಿತು. ಈ ದುರಂತವನ್ನು ಫ್ರಿನಿಕಸ್ ಅಥೆನ್ಸಿನಲ್ಲಿ ನಾಟಕವಾಗಿ ಆಡಿಸಿದಾಗ ನೋಡಿದವರೆಲ್ಲ ಅತ್ತುಬಿಟ್ಟರಂತೆ. ನಾಟಕಕಾರನಿಗೆ ಸಾವಿರ ದ್ರಾಕ್ಮಾ ದಂಡ!

ಮತ್ತೆ ಕಟ್ಟಿದಾಗ ಲಂಬಕೋನದಲ್ಲಿ ಕೂಡುವ ನೇರ ರಸ್ತೆಗಳನ್ನು ಹಾಕಿದರು. ಸಿವಿಲ್‌ನವರಿಗೆ ಗೊತ್ತಿರುವ ಗ್ರಿಡ್ ಪ್ಲಾನ್. ಈ ಪದ್ಧತಿಗೆ ಹೆಸರಾದ ಹಿಪ್ಪೊಡಾಮಸ್ ಇದೇ ಊರಿನವನು; ಅಥೆನ್ಸಿನ ಬಂದರು ಪಿರೇಯಸ್‌ಗೆ ನಕ್ಷೆ ಹಾಕಿದ್ದೂ ಅವನೇ. ಗ್ರಿಡ್ ಅವನ ಆವಿಷ್ಕಾರ ಅಂತ ಕೆಲವರು ಬರೀತಾರೆ, ಅದು ಸರಿಯಲ್ಲ. ಮೊಹೆಂಜೊದಾರೊದ ರಸ್ತೆಗಳು ಅವನಿಗಿಂತ ಸಾವಿರಾರು ವರ್ಷ ಹಳೆಯವು.

ಯುದ್ಧದಿಂದ ಎದ್ದು ನಿಂತ ಈ ಊರನ್ನು ಕೊನೆಗೆ ಮುಗಿಸಿದ್ದು ಹೂಳು. ಹೈಡ್ರಾಲಿಕ್ಸ್ ಕ್ಲಾಸಲ್ಲಿ ಅಂಕುಡೊಂಕಾಗಿ ಹರಿಯುವ ನದಿಗೆ 'ಮಿಯಾಂಡರ್' ಅನ್ನುತ್ತೇವಲ್ಲ, ಆ ಪದ ಬಂದಿದ್ದೇ ಈ ನದಿಯಿಂದ. ಅದು ವರ್ಷ ವರ್ಷವೂ ಮೇಲಿಂದ ಮಣ್ಣು ತಂದು ಕೊಲ್ಲಿಯೊಳಗೆ ಸುರಿಯಿತು. ಬಂದರುಗಳು ಒಂದೊಂದಾಗಿ ತುಂಬಿದವು, ಜವುಗಾಯಿತು, ವ್ಯಾಪಾರ ಹೋಯಿತು, ಜನರೂ ಹೋದರು. ಅಷ್ಟರಲ್ಲೂ ಊರು ಇನ್ನೊಬ್ಬ ಎಂಜಿನಿಯರನ್ನು ಕೊಟ್ಟಿತ್ತು: ಕಾನ್‌ಸ್ಟಾಂಟಿನೋಪಲ್‌ನ ಹಗಿಯಾ ಸೋಫಿಯಾವನ್ನು ಕ್ರಿ.ಶ. 532-537ರಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬ ಮಿಲೆಟಸ್‌ನ ಇಸಿಡೋರ್.

ಇವತ್ತು ಸಮುದ್ರ ಅಲ್ಲಿಂದ ಹಲವು ಕಿಲೋಮೀಟರ್ ದೂರ. ಹಡಗುಗಳು ಕಾದಾಡಿದ ಲಾಡೆ ಈಗ ಬಯಲಿನ ನಡುವಿನ ಒಂದು ದಿಬ್ಬ. ಆ ಬಯಲಲ್ಲಿ ಹತ್ತಿ ಬೆಳೀತಾರೆ.