ಇದೆ, ಇಲ್ಲ, ಗೊತ್ತಿಲ್ಲ: ದೂರದ ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆಯುವ ಬಗೆ

ಮಳೆಗಾಲದಲ್ಲಿ ಜೋಯಿಡಾದ ಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಹೇಳದೆ ಕೇಳದೆ ಹೋಗುತ್ತವೆ. ಕಾಡಿನ ನಡುವಿನ ತಂತಿಯ ಮೇಲೆ ಮರ ಬಿದ್ದರೆ, ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಸಿಗ್ನಲ್. ಆಮೇಲೆ ಅದೂ ಇಲ್ಲ. ಅಂಥ ಊರಿನ ಸೊಸೈಟಿಯಲ್ಲೋ ಹೋಮ್‌ಸ್ಟೇಯಲ್ಲೋ ಇಟ್ಟ ಸಣ್ಣ ಲಿನಕ್ಸ್ ಕಂಪ್ಯೂಟರನ್ನು ಹಳಿಯಾಳದಲ್ಲೋ ಮುಂಡಗೋಡದಲ್ಲೋ ಕುಳಿತು ನೋಡಿಕೊಳ್ಳುವವರಿಗೆ ಎಸ್‌ಎಸ್‌ಎಚ್ ಒಳ್ಳೆಯ ದಾರಿ. ಪರದೆಯನ್ನೇ ತೋರಿಸುವ ಆ್ಯಪ್‌ಗಳಿವೆಯಲ್ಲ ಎಂದು ಕೇಳಬಹುದು. ಅವು ಚಿತ್ರ ಕಳಿಸುತ್ತವೆ, ಎಸ್‌ಎಸ್‌ಎಚ್ ಬರಿಯ ಅಕ್ಷರ ಕಳಿಸುತ್ತದೆ. ಎಳೆದಾಡುವ ಸಿಗ್ನಲ್‌ನಲ್ಲಿ ಈ ವ್ಯತ್ಯಾಸ ದೊಡ್ಡದು. ಅಲ್ಲದೆ ರಾತ್ರಿ ಎರಡು ಗಂಟೆಗೆ ತಾನಾಗಿ ನಡೆಯಬೇಕಾದ ಕೆಲಸಕ್ಕೆ ಪರದೆ ಏತಕ್ಕೆ? ಆದರೆ ಸ್ಕ್ರಿಪ್ಟ್ ಬರೆಯುವವರು ಬಹಳ ಮಂದಿ ಸಂಪರ್ಕವನ್ನು ಇದೆ ಅಥವಾ ಇಲ್ಲ ಎಂದು ಎರಡೇ ಭಾಗ ಮಾಡುತ್ತಾರೆ. ಕೆಟ್ಟು ಕೂರುವುದು ಮೂರನೆಯದರಲ್ಲಿ: ಗೊತ್ತಿಲ್ಲ. ಈ ಉತ್ತರಕ್ಕೆ ಜಾಗ ಕೊಡದ ಸ್ಕ್ರಿಪ್ಟ್ ಬೆಂಗಳೂರಿನ ಕಚೇರಿಯಲ್ಲಿ ವರ್ಷಗಟ್ಟಲೆ ನಡೆದೀತು, ಜೋಯಿಡಾದಲ್ಲಿ ಒಂದು ಆಷಾಢವನ್ನೂ ದಾಟದು.

ಮೊದಲು ಗುರುತಿಸುವ ಕೆಲಸ. ಸ್ಕ್ರಿಪ್ಟ್ ಓಡುತ್ತಿರುವುದು ಎದುರಿನ ಕೀಬೋರ್ಡಿನಿಂದಲೋ ದೂರದಿಂದಲೋ ಎಂದು ತಿಳಿಯದಿದ್ದರೆ ಅಪಾಯವಿದೆ. ವೈಫೈ ನಿಲ್ಲಿಸಿ ಮತ್ತೆ ಶುರು ಮಾಡುವ ಎರಡು ಸಾಲು ಎದುರು ಕುಳಿತವರಿಗೆ ನಿರುಪದ್ರವಿ; ದೂರದಿಂದ ಓಡಿಸಿದರೆ ಮೊದಲ ಸಾಲಿಗೇ ಸಂಪರ್ಕ ಕಡಿದು ಎರಡನೆಯದು ನಡೆಯದೆ ಉಳಿಯಬಹುದು. ಆಮೇಲೆ ಹಳಿಯಾಳದಿಂದ ದಾಂಡೇಲಿ ದಾಟಿ ಕಾಡಿನ ರಸ್ತೆಯಲ್ಲಿ ಯಾರಾದರೂ ಹೋಗಲೇಬೇಕು. ಎಸ್‌ಎಸ್‌ಎಚ್ ಮೂಲಕ ಒಳಬಂದಾಗ ಆ ಕಡೆಯ ಶೆಲ್ಲಿನಲ್ಲಿ ಎಸ್‌ಎಸ್‌ಎಚ್_ಕನೆಕ್ಷನ್ ಎಂಬ ವೇರಿಯಬಲ್ ಇರುತ್ತದೆ. ಬರೆಯುವಾಗ ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ಅದರೊಳಗೆ ನಾಲ್ಕು ತುಣುಕು: ಬಂದವರ ಐಪಿ, ಅವರ ಪೋರ್ಟ್, ಈ ಯಂತ್ರದ ಐಪಿ, ಇದರ ಪೋರ್ಟ್. ಕೊನೆಯದು ಸಾಮಾನ್ಯವಾಗಿ 22. ಈ ವೇರಿಯಬಲ್ ಖಾಲಿಯಿದ್ದರೆ ಎದುರೇ ಕುಳಿತಿದ್ದಾರೆ ಎಂದು ತೀರ್ಮಾನಿಸುವುದು ಸುಲಭ. ತಪ್ಪಾಗುವುದೂ ಅಲ್ಲೇ. ಸುಡೋ ಹಾಕಿದೊಡನೆ ಈ ವೇರಿಯಬಲ್ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಸುಡೋಗೆ ಮುಂಚೆಯೇ ಪರೀಕ್ಷಿಸಿ, ಉತ್ತರವನ್ನು ಒಳಗೆ ದಾಟಿಸಿ. ಇಲ್ಲವೇ ಒಂದೊಂದೇ ಪೇರೆಂಟ್ ಪ್ರೊಸೆಸ್ ಹತ್ತಿಹೋಗಿ ಎಸ್‌ಎಸ್‌ಎಚ್‌ಡಿ ಸಿಗುತ್ತದೆಯೇ ನೋಡಿ. 2024ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಿಂದ ಆ ಪ್ರೊಸೆಸ್ಸಿನ ಹೆಸರು ಎಸ್‌ಎಸ್‌ಎಚ್‌ಡಿ-ಸೆಷನ್ ಎಂದಾಗಿದೆ, ಹಾಗಾಗಿ ಹೆಸರಿನ ಆರಂಭವನ್ನಷ್ಟೇ ಹೋಲಿಸಿ. ಟಿಮಕ್ಸ್ ಒಳಗಿದ್ದರಂತೂ ಎರಡೂ ಕೈಕೊಡುತ್ತವೆ: ಎದುರು ಕುಳಿತು ತೆರೆದ ಟಿಮಕ್ಸ್‌ಗೆ ದೂರದಿಂದ ಸೇರಿಕೊಂಡರೂ ಅದರೊಳಗಿನ ಹಳೆಯ ಶೆಲ್ಲಿಗೆ ಅದು ತಿಳಿದಿರುವುದಿಲ್ಲ. ಟಿಮಕ್ಸ್ ಕಂಡರೆ ಸ್ಕ್ರಿಪ್ಟ್ ಗೊತ್ತಿಲ್ಲ ಎಂದೇ ಹೇಳಲಿ, ಗೊತ್ತಿಲ್ಲದಿದ್ದಾಗ ದೂರದಿಂದಲೇ ಎಂದು ನಡೆದುಕೊಳ್ಳಲಿ. ಫೈರ್‌ವಾಲ್ ಬದಲಿಸುವ ಮುನ್ನ, ಐದು ನಿಮಿಷದಲ್ಲಿ ಹಳೆಯ ನಿಯಮಕ್ಕೆ ತಿರುಗಿಸುವ ಕೆಲಸವೊಂದನ್ನು ಆ್ಯಟ್ ಕಮಾಂಡಿನಿಂದ ಕಾಯಲು ಬಿಡಿ. ಮತ್ತೆ ಒಳಹೋಗಲು ಸಾಧ್ಯವಾದರೆ ಮಾತ್ರ ಅದನ್ನು ರದ್ದು ಮಾಡಿ.

ಇನ್ನು ತಾನಾಗಿ ಸಂಪರ್ಕಿಸುವುದು. ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲೇ ಬರೆದಿಡುವ ಉಪಾಯ ಬೇಡ. 1995ರಲ್ಲಿ ಫಿನ್‌ಲ್ಯಾಂಡಿನ ಟಾಟು ಯೂಲೋನೆನ್ ಎಸ್‌ಎಸ್‌ಎಚ್ ರಚಿಸಿದ್ದೇ ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವು ನಡೆದ ಮೇಲೆ. ಎಸ್‌ಎಸ್‌ಎಚ್-ಕೀಜೆನ್‌ನಿಂದ ಇಡಿ25519 ಬಗೆಯ ಕೀ ಮಾಡಿ, ಎಸ್‌ಎಸ್‌ಎಚ್-ಕಾಪಿ-ಐಡಿಯಿಂದ ಆ ಕಡೆಗೆ ಕಳಿಸಿ. ಯಾರೂ ಇಲ್ಲದಾಗ ಓಡುವ ಕೀಗೆ ಪಾಸ್‌ಫ್ರೇಸ್ ಇರುವುದಿಲ್ಲ, ಕದ್ದವನಿಗೆ ಎಲ್ಲವೂ ಸಿಕ್ಕಿತಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರ ಆಥರೈಸ್ಡ್_ಕೀಸ್ ಫೈಲಿನಲ್ಲಿದೆ: ಆ ಕೀ ಇರುವ ಸಾಲಿನ ಮುಂದೆ ರಿಸ್ಟ್ರಿಕ್ಟ್ ಎಂದೂ, ಕಮಾಂಡ್ ಎಂದು ಬರೆದು ನಡೆಯಬೇಕಾದ ಒಂದೇ ಕೆಲಸವನ್ನೂ ಸೂಚಿಸಿದರೆ, ಕದ್ದವನಿಗೂ ಆ ಒಂದೇ ಕೆಲಸ ಸಾಧ್ಯ. ಮೊದಲ ಸಲ ಕೇಳುವ ಹೋಸ್ಟ್ ಕೀ ಪ್ರಶ್ನೆಯ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸಬೇಡಿ. ಒಮ್ಮೆ ಫೋನಿನಲ್ಲಿ ಫಿಂಗರ್‌ಪ್ರಿಂಟ್ ಓದಿಸಿಕೊಂಡು ತಾಳೆ ನೋಡಿದರೆ ಮುಗಿಯಿತು. ಬ್ಯಾಚ್‌ಮೋಡ್ ಯೆಸ್ ಎಂದಿರಲಿ, ಇಲ್ಲದಿದ್ದರೆ ಪಾಸ್‌ವರ್ಡ್ ಕೇಳುತ್ತ ಸ್ಕ್ರಿಪ್ಟ್ ಬೆಳಗಿನವರೆಗೆ ನಿಂತಿರಬಹುದು. ಕನೆಕ್ಟ್‌ಟೈಮ್‌ಔಟ್ 10 ಸೆಕೆಂಡ್ ಇಡಿ. ಸರ್ವರ್‌ಅಲೈವ್‌ಇಂಟರ್ವಲ್ 15, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಎಂದಿಟ್ಟರೆ ಸತ್ತ ಸಂಪರ್ಕ ಸುಮಾರು 45 ಸೆಕೆಂಡಿನಲ್ಲಿ ಪತ್ತೆಯಾಗುತ್ತದೆ.

ಮೊಬೈಲ್ ಸಿಮ್ ಹಾಕಿದ ಯಂತ್ರಕ್ಕೆ ಸಾಮಾನ್ಯವಾಗಿ ಹೊರಗಿನಿಂದ ಕರೆ ಹೋಗುವುದಿಲ್ಲ, ಏಕೆಂದರೆ ಕಂಪನಿ ಅನೇಕರಿಗೆ ಒಂದೇ ಐಪಿ ಹಂಚಿರುತ್ತದೆ. ಆಗ ಜೋಯಿಡಾದ ಯಂತ್ರವೇ ನಿಮ್ಮ ಸರ್ವರಿಗೆ ಕರೆಮಾಡಿ ರಿವರ್ಸ್ ಟನಲ್ ತೆರೆದಿಡಬೇಕು. ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಹಾಕಿ, ಸಿಸ್ಟಮ್‌ಡಿಗೆ ಒಪ್ಪಿಸಿ. ಬಿದ್ದಾಗ ಎಬ್ಬಿಸಲು ಅದಕ್ಕೆ ಹೇಳಿಡಿ. ಸರ್ವರ್ ಕಡೆ ಕ್ಲೈಂಟ್‌ಅಲೈವ್‌ಇಂಟರ್ವಲ್ ಇಲ್ಲದಿದ್ದರೆ ಸತ್ತ ಟನಲ್ ಪೋರ್ಟನ್ನು ಹಿಡಿದೇ ಕೂತು ಹೊಸದಕ್ಕೆ ಜಾಗ ಬಿಡದು. ಇಂಥ ಯಂತ್ರ ಹತ್ತಾರಿದ್ದರೆ ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ನುಗ್ಗದಂತೆ ಒಂದೊಂದಕ್ಕೂ ಬೇರೆಬೇರೆ ಕಾಯುವ ಅವಧಿ ಕೊಡಿ.

ಸೋತರೆ ಮತ್ತೆ ಪ್ರಯತ್ನಿಸಿದರಾಯಿತು, ಇಷ್ಟೆಲ್ಲ ಏಕೆ ಎನ್ನುವವರು ಇದ್ದಾರೆ. ಎಸ್‌ಎಸ್‌ಎಚ್ ತಾನು ವಿಫಲವಾದಾಗ 255 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ. ಬೇರೆ ಸಂಖ್ಯೆಯಾದರೆ ಅದು ಆ ಕಡೆ ನಡೆದ ಕಮಾಂಡಿನದು. ಆದರೆ ನಡುವೆ ಕಡಿದರೂ ಅದೇ 255 ಬರುತ್ತದೆ. ಸೊಸೈಟಿಯ ದಿನದ ಹಾಲಿನ ಲೆಕ್ಕವನ್ನು ಖಾತೆಗೆ ಸೇರಿಸುವ ಕೆಲಸ ನಡೆಯುತ್ತಿತ್ತು ಎನ್ನಿ. ಅದು ಮುಗಿದಿರಬಹುದು, ಅರ್ಧಕ್ಕೆ ನಿಂತಿರಬಹುದು, ಇನ್ನೂ ಓಡುತ್ತಿರಲೂಬಹುದು. ಕಣ್ಣುಮುಚ್ಚಿ ಮತ್ತೆ ಓಡಿಸಿದರೆ ಒಬ್ಬ ರೈತನ ಹೆಸರಿಗೆ ಒಂದೇ ದಿನದ ಹಾಲು ಎರಡು ಸಲ ಬೀಳುತ್ತದೆ. ಅದಕ್ಕೇ ಪ್ರತಿ ಕೆಲಸಕ್ಕೆ ತಾರೀಖಿನ ಸಂಖ್ಯೆ ಕೊಟ್ಟು, ಲೆಕ್ಕ ಸೇರುವಾಗಲೇ ಆ ಸಂಖ್ಯೆಯೂ ಅದೇ ಖಾತೆಯಲ್ಲಿ ದಾಖಲಾಗುವಂತೆ ಮಾಡಬೇಕು. 255 ಬಂದರೆ ಮುಂದಿನ ಸಂಪರ್ಕದಲ್ಲಿ ಮೊದಲು ಆ ಸಂಖ್ಯೆ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾತ್ರ ಕೆಲಸ ಕೊಡಿ. ಹಿಂದಿನದು ಇನ್ನೂ ಓಡುತ್ತಿದ್ದರೆ ಎಫ್‌ಲಾಕ್ ಎರಡನೆಯದನ್ನು ತಡೆಯುತ್ತದೆ. ಪ್ರತಿ ಸಂಪರ್ಕಕ್ಕೆ ಹಿಡಿದ ಸಮಯವನ್ನೂ ಲಾಗ್‌ನಲ್ಲಿ ಬರೆದಿಡಿ. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಲೈಬ್ರರಿಯಲ್ಲಿ ಹುದುಗಿಸಿದ್ದ ಹಿಂಬಾಗಿಲು ಸಿಕ್ಕಿಬಿದ್ದದ್ದು, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದದ್ದರಿಂದ. ಜೋಯಿಡಾದ ಸಿಗ್ನಲ್‌ನಲ್ಲಿ ಅರ್ಧ ಸೆಕೆಂಡ್ ಲೆಕ್ಕಕ್ಕೇ ಬಾರದು, ನಿಜ. ಆದರೂ ತಿಂಗಳ ಲಾಗ್ ಕೈಯಲ್ಲಿದ್ದರೆ ಎಂದಿನ ಎಳೆದಾಟ ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸಬಹುದು.

ಯಂತ್ರವನ್ನು ಕಾಡಿನೂರಿಗೆ ಕಳಿಸುವ ಮುನ್ನ ಮೇಜಿನ ಮೇಲೆಯೇ ಕೆಡಿಸಿ ನೋಡಿ. ಕೆಲಸ ನಡೆಯುತ್ತಿರುವಾಗ ನೆಟ್‌ವರ್ಕ್ ಕೇಬಲ್ ಕೀಳಿ, ಇನ್ನೊಮ್ಮೆ ಕರೆಂಟನ್ನೇ ತೆಗೆಯಿರಿ, ಮತ್ತೆ ಹಾಕಿ ಖಾತೆ ತೆರೆದು ನೋಡಿ. ಆ ದಿನದ ಸಾಲು ಒಂದೇ ಇದ್ದರೆ ಪೆಟ್ಟಿಗೆ ಕಟ್ಟಬಹುದು.